ಮಾಡೆಮ್, ರೌಟರ್, ಸ್ವಿಚ್, ರಿಪೀಟರ್: ಕಲ್ಲಿನ ಮನೆಗೆ ಯಾವುದು ಬೇಕು?

ಪ್ರಶ್ನೆ: ನಮ್ದು ಕಲಬುರಗಿ ಬ್ರಹ್ಮಪುರದಾಗ ಹಳೇ ಕಲ್ಲಿನ ಮನಿ ಅದರೀ. ಕೆಳಗ ಪಡಸಾಲ್ಯಾಗ ಕಂಪನಿಯವ್ರು ಫೈಬರ್ ಎಳೆದು, ಎರಡು ಕೋಲಿನ ಒಂದು ಬಿಳಿ ಡಬ್ಬಿ ಕೂಡಿಸಿ ಹೋಗ್ಯಾರ. 100 ಎಂಬಿಪಿಎಸ್ ಪ್ಲ್ಯಾನ್. ಪಡಸಾಲ್ಯಾಗ ಚಲೋ ಓಡ್ತದ, ಮ್ಯಾಲಿನ ಕೋಣ್ಯಾಗ ಮಗಳ ಆನ್‌ಲೈನ್ ಕ್ಲಾಸ್ ನಿಂತು ನಿಂತು ಬರ್ತದ. ಹಿಂದಿನ ಕೋಣಿ ಇಬ್ಬರು ಓದೋ ಹುಡುಗರಿಗೆ ಬಾಡಿಗಿ ಕೊಟ್ಟೀವಿ, ಅವ್ರಿಗೂ ನೆಟ್ ಬೇಕು. ಒಂದು ಅಂಗಡ್ಯಾಗ ರಿಪೀಟರ್ ಕೊಟ್ರು. ಮ್ಯಾಲಿನ ಕೋಣ್ಯಾಗ ಹಚ್ಚಿದ್ರ ಕಡ್ಡಿ ಪೂರ್ತಿ ತೋರಸ್ತದ, ನೆಟ್ ಮಾತ್ರ ಹಂಗೇ ಅದ. ಒಬ್ರು ರೌಟರ್ ತೊಗೋರಿ ಅಂತಾರ, ಇನ್ನೊಬ್ರು ಸ್ವಿಚ್ ಅಂತಾರ, ಮತ್ತೊಬ್ರು ಮೆಶ್ ಅಂತಾರ. ಇವಕ್ಕೆಲ್ಲ ಫರಕ್ ಏನು? ನಾವು ಯಾವುದು ತರಬೇಕು?

ಉತ್ತರ: ಮೊದಲು ನೇರ ಮಾತು. ಸದ್ಯಕ್ಕೆ ಹೊಸ ಡಬ್ಬಿ ಯಾವುದನ್ನೂ ಕೊಳ್ಳಬೇಡಿ. ನಿಮಗೆ ಬೇಕಾಗಿರುವುದು ಪಡಸಾಲೆಯಿಂದ ಮೇಲಿನ ಕೋಣೆಗೆ ಮುಟ್ಟುವಷ್ಟು ಒಳ್ಳೆಯ ಲ್ಯಾನ್ ಕೇಬಲ್. ಅಂಥ ಮನೆಗೆ ಸಾಮಾನ್ಯವಾಗಿ 20-25 ಮೀಟರ್ ಸಾಕು. ಆದರೂ ವೈಯರ್ ಹೋಗುವ ದಾರಿಯಲ್ಲೇ ಸುತಳಿ ಹಿಡಿದು ಅಳೆಯಿರಿ, ಎರಡೂ ತುದಿಗೆ ಒಂದೊಂದು ಮೀಟರ್ ಹೆಚ್ಚಿಗೆ ಬಿಡಿ. ಆಮೇಲೆ ನೀವು ತಂದಿರುವ ರಿಪೀಟರ್‌ನ ಅಡಿಗೋ ಮಗ್ಗುಲಿಗೋ ಚೌಕನೆಯ ಲ್ಯಾನ್ ಪೋರ್ಟ್ ಒಂದು ಇದೆಯೇ ನೋಡಿ. ಇದ್ದರೆ ಕೊಟ್ಟ ದುಡ್ಡು ದಂಡವಾಗಲಿಲ್ಲ, ಅದೇ ಡಬ್ಬಿಯನ್ನು ಬೇರೆ ಕೆಲಸಕ್ಕೆ ಹಚ್ಚಬಹುದು.

ಗೊಂದಲ ಹುಟ್ಟುವುದು ಅಂಗಡಿಯ ಕಪಾಟಿನಲ್ಲಿ. ಅಲ್ಲಿ ಇವೆಲ್ಲ ಬೆಲೆಯ ಪ್ರಕಾರ ಸಾಲಾಗಿ ಕೂತಿರುತ್ತವೆ. ರಿಪೀಟರಿಗಿಂತ ರೌಟರ್ ಮೇಲು, ರೌಟರಿಗಿಂತ ಮೆಶ್ ಮೇಲು, ದುಡ್ಡು ಹೆಚ್ಚು ಹಾಕಿದಷ್ಟು ನೆಟ್ ಹೆಚ್ಚು ಬರುತ್ತದೆ ಅನ್ನಿಸುತ್ತದೆ. ನೇಗಿಲು, ಕೂರಿಗೆ, ಕುಂಟೆ ಇವುಗಳಲ್ಲಿ ಯಾವುದು ಮೇಲು ಎಂದು ರೈತರನ್ನು ಕೇಳಿದರೆ ನಗುತ್ತಾರೆ. ಬಿತ್ತುವ ಹೊತ್ತಿಗೆ ಕುಂಟೆ ತಂದರೆ ಅದು ಎಷ್ಟೇ ಗಟ್ಟಿಯಿದ್ದರೂ ಏನು ಬಂತು? ಇಲ್ಲಿಯೂ ಹಾಗೆಯೇ, ಒಂದೊಂದು ಡಬ್ಬಿಗೆ ಒಂದೊಂದು ಕೆಲಸ. ನಿಮ್ಮ ಮನೆಯಲ್ಲಿ ಯಾವ ಕೆಲಸ ನಡೆಯುತ್ತಿಲ್ಲ ಎಂಬುದು ಗೊತ್ತಾದರೆ ಯಾವ ಡಬ್ಬಿ ಎಂಬುದು ತಾನೇ ಗೊತ್ತಾಗುತ್ತದೆ.

ಕಂಪನಿಯವರು ಕೂಡಿಸಿದ ಬಿಳಿ ಡಬ್ಬಿಯಿಂದಲೇ ಹೊರಡೋಣ. ಅದನ್ನು ಕೆಲವರು ಮಾಡೆಮ್ ಅನ್ನುತ್ತಾರೆ, ಕೆಲವರು ರೌಟರ್, ಕೆಲವರು ಬರೀ ವೈಫೈ. ಮೂವರದೂ ಪೂರ್ತಿ ತಪ್ಪಲ್ಲ, ಯಾಕೆಂದರೆ ಅದರ ಹೊಟ್ಟೆಯಲ್ಲಿ ನಾಲ್ಕು ಸಾಮಾನು ಒಟ್ಟಿಗೆ ಇವೆ.

ಮೊದಲನೆಯದು ಒಎನ್‌ಟಿ. ಕಂಬದಿಂದ ಬರುವ ಫೈಬರ್‌ನಲ್ಲಿ ಹರಿಯುವುದು ಬೆಳಕು, ಕರೆಂಟ್ ಅಲ್ಲ. ಆ ಬೆಳಕನ್ನು ಕಂಪ್ಯೂಟರಿಗೆ ಅರ್ಥವಾಗುವ ವಿದ್ಯುತ್ ಸಂಕೇತ ಮಾಡುವುದು, ನಿಮ್ಮ ಕಡೆಯದನ್ನು ತಿರುಗಿ ಬೆಳಕು ಮಾಡಿ ಕಳಿಸುವುದು ಇದರ ಕೆಲಸ. ಹಿಂದೆ ಟೆಲಿಫೋನಿನ ತಾಮ್ರದ ತಂತಿಯಲ್ಲಿ ನೆಟ್ ಬರುತ್ತಿದ್ದಾಗ ಈ ಜಾಗದಲ್ಲಿ ಇದ್ದದ್ದು ಮಾಡೆಮ್. ತಂತಿ ಹೋಯಿತು, ಹೆಸರು ಬಾಯಲ್ಲಿ ಉಳಿಯಿತು. ಡಬ್ಬಿಯ ಮೇಲೆ ಪಾನ್ ಎಂಬ ಹಸಿರು ದೀಪ ನಿಂತು ಉರಿಯುತ್ತಿದ್ದರೆ ಬೆಳಕು ಬರುತ್ತಿದೆ ಎಂದರ್ಥ. ಎಲ್‌ಒಎಸ್ ದೀಪ ಕೆಂಪಗೆ ಮಿಣುಕಿದರೆ ಬೆಳಕು ಬರುತ್ತಿಲ್ಲ. ಫೈಬರ್ ಎಲ್ಲೋ ತುಂಡಾಗಿದೆ, ಇಲ್ಲವೇ ಹಸಿರು ಪಿನ್ನು ಸಡಿಲಾಗಿದೆ. ಕೆಂಪು ದೀಪ ಕಂಡಾಗ ಪಾಸ್‌ವರ್ಡ್ ಬದಲಿಸಿ, ಡಬ್ಬಿ ಹತ್ತು ಸಲ ಆರಿಸಿ ಹಚ್ಚಿ ಉಪಯೋಗವಿಲ್ಲ. ಪಿನ್ನು ಒಮ್ಮೆ ಒತ್ತಿ ನೋಡಿ, ಆಗದಿದ್ದರೆ ಕಂಪನಿಗೆ ಫೋನ್ ಮಾಡಿ. ತೆರೆದ ಫೈಬರ್ ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ, ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಅದು ಲೇಸರ್.

ನೆಟ್ ಬರುತ್ತದೆ, ಹೋಗುತ್ತದೆ ಎನ್ನುವವರು ಇನ್ನೊಂದು ಅಂಕಿ ನೋಡಬಹುದು. ಡಬ್ಬಿಯ ಸೆಟ್ಟಿಂಗ್ ಪುಟದಲ್ಲಿ ಪಾನ್ ಅಥವಾ ಆಪ್ಟಿಕಲ್ ಮಾಹಿತಿ ಎಂಬಲ್ಲಿ ಆರ್‌ಎಕ್ಸ್ ಪವರ್ ಎಂದು ಮೈನಸ್ ಅಂಕಿ ಇರುತ್ತದೆ. ಒಳಬರುವ ಬೆಳಕು ಎಷ್ಟು ಗಟ್ಟಿ ಎಂಬುದರ ಲೆಕ್ಕ ಅದು, ಅಳತೆಯ ಹೆಸರು ಡಿಬಿಎಂ. ಮನೆಗೆ ಹಾಕುವ ಸಾಮಾನ್ಯ ಒಎನ್‌ಟಿ ಮೈನಸ್ 8ರಿಂದ ಮೈನಸ್ 27 ಡಿಬಿಎಂವರೆಗೆ ಓದಬಲ್ಲದು. ಮೈನಸ್ 20ರ ಆಸುಪಾಸಿದ್ದರೆ ನಿಶ್ಚಿಂತೆ. ಮೈನಸ್ 25 ದಾಟಿ 26, 27ಕ್ಕೆ ಇಳಿದಿದ್ದರೆ ಫೈಬರ್ ಎಲ್ಲೋ ಮಡಚಿದೆ ಅಥವಾ ಜೋಡಣೆ ಕೆಟ್ಟಿದೆ. ಬಾಗಿಲ ಚೌಕಟ್ಟಿಗೆ ಸಿಕ್ಕಿ ನಜ್ಜಾಗುವುದು, ಮೂಲೆಯಲ್ಲಿ ಮೊಳೆ ಬಾಗಿಸಿದ ಹಾಗೆ ಮಡಚುವುದು, ಇವೆರಡೇ ಹೆಚ್ಚು ಕಾಣುವ ಕಾರಣ. ಉಳಿದ ಫೈಬರ್ ಸುತ್ತಿಡುವಾಗ ಬಳೆಗಿಂತ ಸಣ್ಣ ಸುತ್ತು ಮಾಡಬೇಡಿ. ಈ ಅಂಕಿಯನ್ನೇ ಹೇಳಿ ದೂರು ಕೊಟ್ಟರೆ, ಫೋನಿನ ಆ ಕಡೆಯವರು "ರೀಸ್ಟಾರ್ಟ್ ಮಾಡಿ" ಎಂಬ ಮಂತ್ರ ಬಿಟ್ಟು ಕೆಲಸದ ಮಾತಿಗೆ ಬರುತ್ತಾರೆ.

ಎರಡನೆಯದು ರೌಟರ್. ಇದು ಊರಿನ ಅಗಸಿ ಇದ್ದಂತೆ. ಹೊರಗಿನಿಂದ ನೋಡಿದವರಿಗೆ ನಿಮ್ಮ ಇಡೀ ಮನೆಗೆ ಇರುವುದು ಒಂದೇ ವಿಳಾಸ. ಒಳಗೆ ಮಗಳ ಲ್ಯಾಪ್‌ಟಾಪ್, ನಿಮ್ಮ ಫೋನ್, ಟಿವಿ ಎಲ್ಲಕ್ಕೂ 192.168.1.5, 192.168.1.6 ಎಂದು ಮನೆಯೊಳಗಿನ ಸಂಖ್ಯೆ ಹಂಚುವುದು ರೌಟರ್. ಈ ಹಂಚುವ ಕೆಲಸದ ಹೆಸರು ಡಿಎಚ್‌ಸಿಪಿ, ಮುಂದೆ ಇದೇ ನಿಮ್ಮನ್ನು ಕಾಡಬಹುದು, ನೆನಪಿಡಿ. ಒಳಗಿನವರು ಕೇಳಿದ್ದನ್ನು ಹೊರಗೆ ಕಳಿಸಿ, ಬಂದ ಉತ್ತರ ಯಾರದ್ದೆಂದು ಲೆಕ್ಕ ಇಟ್ಟು ಒಪ್ಪಿಸುವುದಕ್ಕೆ ನ್ಯಾಟ್ ಎನ್ನುತ್ತಾರೆ. ಒಂದು ಊರಿಗೆ ಒಂದು ಅಗಸಿ ಸಾಕು. ನಿಮ್ಮ ಮನೆಯಲ್ಲಿ ಅದು ಈಗಾಗಲೇ ಇದೆ, ಸರಿಯಾಗಿ ಕೆಲಸ ಮಾಡುತ್ತಲೂ ಇದೆ. ಇಲ್ಲದಿದ್ದರೆ ಪಡಸಾಲೆಯಲ್ಲೂ ನೆಟ್ ಬರುತ್ತಿರಲಿಲ್ಲ. ಹೊಸ ರೌಟರ್ ತೊಗೋರಿ ಎಂದವರ ಮಾತು ಅಲ್ಲಿಗೆ ಬಿತ್ತು.

ಮೂರನೆಯದು ಸ್ವಿಚ್. ಡಬ್ಬಿಯ ಹಿಂದಿರುವ ಲ್ಯಾನ್ 1, 2, 3, 4 ಎಂಬ ಪೋರ್ಟ್‌ಗಳೇ ಅದು. ಅಗಸಿಯ ಒಳಗಿನ ಓಣಿ ಅನ್ನಿ. ಯಾವ ಪೋರ್ಟಿನಲ್ಲಿ ಯಾವ ಯಂತ್ರ ಕೂತಿದೆ ಎಂದು ಗುರುತಿಟ್ಟುಕೊಂಡು, ಒಬ್ಬರ ಮಾಲು ಅವರ ಬಾಗಿಲಿಗೇ ಮುಟ್ಟಿಸುತ್ತದೆ. ಹಿಂದೆ ಹಬ್ ಅಂತ ಒಂದಿತ್ತು, ಅದು ಬಂದದ್ದನ್ನೆಲ್ಲ ಎಲ್ಲರಿಗೂ ಡಂಗುರ ಸಾರುತ್ತಿತ್ತು. ಈಗ ಹಬ್ ಬಳಕೆಯಲ್ಲಿಲ್ಲ, ಯಾರಾದರೂ ಹಳೆಯದನ್ನು ಅಗ್ಗಕ್ಕೆ ಕೊಡುತ್ತೇನೆಂದರೆ ಕೈಮುಗಿದು ಬನ್ನಿ. ಸ್ವಿಚ್ ನೆಟ್ ಹುಟ್ಟಿಸುವುದಿಲ್ಲ, ವೈಫೈ ಕೊಡುವುದಿಲ್ಲ, ವೇಗ ಹೆಚ್ಚಿಸುವುದಿಲ್ಲ. ವೈಯರ್ ಹಚ್ಚುವ ಜಾಗಗಳನ್ನು ಹೆಚ್ಚಿಸುತ್ತದೆ, ಅಷ್ಟೆ.

ನಾಲ್ಕನೆಯದು ಆಕ್ಸೆಸ್ ಪಾಯಿಂಟ್. ಆ ಎರಡು ಕೋಲು ಇದರವು. ವೈಯರಿನಲ್ಲಿ ಬಂದದ್ದನ್ನು ಗಾಳಿಗೆ ಬಿಡುವುದು, ಗಾಳಿಯಲ್ಲಿ ಬಂದದ್ದನ್ನು ವೈಯರಿಗೆ ಇಳಿಸುವುದು, ಇದಿಷ್ಟೇ ಕೆಲಸ. ನಿಮ್ಮ ಮನೆಯಲ್ಲಿ ಕೈಕೊಟ್ಟಿರುವುದು ಈ ನಾಲ್ಕರಲ್ಲಿ ಇದೊಂದೇ, ಅದೂ ಕೆಟ್ಟು ಅಲ್ಲ. ಅದರ ದನಿ ಮೇಲಿನ ಕೋಣೆಗೆ ಕೇಳುತ್ತಿಲ್ಲ.

ಯಾಕೆ ಕೇಳುತ್ತಿಲ್ಲ ಎಂಬುದಕ್ಕೆ ಗೋಡೆ ನೋಡಿದರೆ ಸಾಕು. ಕಲಬುರಗಿಯ ಹಳೇ ಮನೆಗಳ ಗೋಡೆ ಒಂದೂವರೆ-ಎರಡು ಅಡಿ ದಪ್ಪದ ಕಲ್ಲು. ನೆಲಕ್ಕೆ ಶಹಾಬಾದ್ ಫರಸಿ, ಮೇಲಿನ ಅಂತಸ್ತನ್ನು ಆಮೇಲೆ ಕಟ್ಟಿಸಿದ್ದರೆ ನಡುವೆ ಕಬ್ಬಿಣದ ಸಲಾಕೆ ತುಂಬಿದ ಸ್ಲ್ಯಾಬ್. ಬೇಸಿಗೆಯಲ್ಲಿ ಈ ಗೋಡೆ ಬಿಸಿಲನ್ನು ತಡೆಯುವಂತೆ ವೈಫೈಯನ್ನೂ ತಡೆಯುತ್ತದೆ. ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ಗೋಡೆಯದೂ ಇದೇ ಕತೆ. 5 ಗಿಗಾಹರ್ಟ್ಸ್ ಅಲೆ ವೇಗ ಹೆಚ್ಚು ಕೊಡುತ್ತದೆ, ಗೋಡೆ ಎದುರಾದರೆ ಬೇಗ ಸೋಲುತ್ತದೆ. 2.4 ಗಿಗಾಹರ್ಟ್ಸ್ ಸ್ವಲ್ಪ ಮುಂದೆ ಹೋಗುತ್ತದೆ, ಆದರೆ ಅಕ್ಕಪಕ್ಕದ ಮನೆಗಳ ವೈಫೈ ಎಲ್ಲ ಅದರಲ್ಲೇ ಗದ್ದಲ ಹಾಕುತ್ತಿರುತ್ತವೆ. ನಿಜವಾಗಿ ತೊಂದರೆ ಗೋಡೆಯದೋ ಲೈನಿನದೋ ಎಂಬುದನ್ನು ಹತ್ತು ನಿಮಿಷದಲ್ಲಿ ಪತ್ತೆ ಮಾಡಬಹುದು. ಡಬ್ಬಿಯಿಂದ ಎರಡು ಮೀಟರ್ ದೂರದಲ್ಲಿ ನಿಂತು 5 ಗಿಗಾಹರ್ಟ್ಸ್ ಹಿಡಿದು ಫೋನಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿ, ಮೆಟ್ಟಿಲ ನಡುವೆ ಒಮ್ಮೆ, ಮೇಲಿನ ಕೋಣೆಯಲ್ಲಿ ಒಮ್ಮೆ. ಕೆಳಗೆ 90ರ ಮೇಲೆ ಬಂದು ಮೇಲೆ 5ಕ್ಕೆ ಬಿದ್ದರೆ ಗೋಡೆ. ಕೆಳಗೂ 20 ಅಂದರೆ ಲೈನ್ ಅಥವಾ ಡಬ್ಬಿ, ಆಗ ಮೇಲೆ ಏನು ಹಚ್ಚಿದರೂ ವ್ಯರ್ಥ. ಒಂದು ಅಡ್ಡ ಮಾತು: 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 100 ಮೆಗಾಬಿಟ್. ಫೈಲ್ ಇಳಿಯುವಾಗ ಕಾಣುವುದು ಮೆಗಾಬೈಟ್, ಅದು 12.5ಕ್ಕೆ ನಿಲ್ಲುತ್ತದೆ. ಅದನ್ನು ನೋಡಿ ಕಂಪನಿಯವರು ಮೋಸ ಮಾಡಿದರು ಎಂದು ಜಗಳಕ್ಕೆ ಹೋಗಬೇಡಿ.

ಇನ್ನು ನಿಮ್ಮ ರಿಪೀಟರ್. ಅದು ಕೆಳಗಿನ ವೈಫೈ ಕೇಳಿಸಿಕೊಂಡು ಅದನ್ನೇ ತಿರುಗಿ ಕೂಗುತ್ತದೆ. ನೀವು ಅದನ್ನು ಹಚ್ಚಿದ್ದು ಮೇಲಿನ ಕೋಣೆಯಲ್ಲಿ, ಎಲ್ಲಿ ಕೆಳಗಿನ ದನಿ ಆಗಲೇ ಸೋತು ಬಂದಿರುತ್ತದೋ ಅಲ್ಲಿ. ತೊದಲು ಕೇಳಿಸಿಕೊಂಡವರು ಎಷ್ಟೇ ಜೋರಾಗಿ ಕೂಗಿದರೂ ಹೊರಬರುವುದು ತೊದಲೇ. ನಿಮ್ಮ ಫೋನಿನ ಪೂರ್ತಿ ಕಡ್ಡಿ ಹೇಳುತ್ತಿರುವುದು ಫೋನಿಗೂ ರಿಪೀಟರಿಗೂ ನಡುವಿನ ಸಂಗತಿ. ರಿಪೀಟರಿಗೂ ಕೆಳಗಿನ ಡಬ್ಬಿಗೂ ನಡುವೆ ಏನಾಗಿದೆ ಎಂಬುದು ಫೋನಿಗೆ ಗೊತ್ತಿಲ್ಲ. ಅದರ ಮೇಲೆ ಅಗ್ಗದ ರಿಪೀಟರ್‌ಗಳಲ್ಲಿ ಒಂದೇ ರೇಡಿಯೋ ಇರುತ್ತದೆ. ಕೇಳುವುದಕ್ಕೂ ಹೇಳುವುದಕ್ಕೂ ಅದೇ ಆಗಬೇಕು, ಹಾಗಾಗಿ ಸಿಗುವ ವೇಗದಲ್ಲಿ ಸುಮಾರು ಅರ್ಧ ಅಲ್ಲೇ ಕರಗುತ್ತದೆ. ವೈಯರ್ ಎಳೆಯಲು ಸಾಧ್ಯವೇ ಇಲ್ಲದ ಮನೆಯಲ್ಲಿ ರಿಪೀಟರ್ ಇಡಬೇಕಾದ ಜಾಗ ನಡುದಾರಿ, ಅಂದರೆ ಮೆಟ್ಟಿಲು ತಿರುಗುವ ಕಡೆ, ಕೆಳಗಿನ ವೈಫೈ ಇನ್ನೂ ಗಟ್ಟಿಯಾಗಿ ಸಿಗುವಲ್ಲಿ. ನೀವು ಇದನ್ನು ಇವತ್ತು ಸಂಜೆಯೇ ಮಾಡಿ ನೋಡಬಹುದು, ಖರ್ಚಿಲ್ಲ. ಆದರೆ ಆನ್‌ಲೈನ್ ಕ್ಲಾಸಿಗೆ ನಾನು ಅದನ್ನು ನೆಚ್ಚಲಾರೆ.

ಮೆಶ್ ಅನ್ನುವುದು ಒಂದೇ ಹೆಸರಿನಲ್ಲಿ ಒಗ್ಗಟ್ಟಾಗಿ ಕೆಲಸ ಮಾಡುವ ಎರಡು-ಮೂರು ಡಬ್ಬಿಗಳ ಜೋಡಿ. ಫೋನ್ ಹಿಡಿದು ಓಡಾಡಿದರೆ ಒಂದರಿಂದ ಇನ್ನೊಂದಕ್ಕೆ ಹೆಚ್ಚು ತಡವರಿಸದೆ ದಾಟಿಸುತ್ತವೆ. ಒಳ್ಳೆಯ ಸಾಮಾನೇ. ಆದರೆ ಅವೂ ತಮ್ಮ ತಮ್ಮಲ್ಲಿ ಮಾತಾಡುವುದು ಗಾಳಿಯಲ್ಲೇ, ಎರಡು ಅಡಿಯ ಕಲ್ಲಿನ ಗೋಡೆ ಅವುಗಳಿಗೂ ಗೋಡೆಯೇ. ಅಂಥ ಮನೆಯಲ್ಲಿ ಮೆಶ್ ಡಬ್ಬಿಗಳ ನಡುವೆಯೂ ವೈಯರ್ ಹಾಕಿದರೆ ಮಾತ್ರ ಕೊಟ್ಟ ದುಡ್ಡಿಗೆ ಬೆಲೆ. ಹೇಗೂ ವೈಯರ್ ಎಳೆಯುವುದಾದರೆ ನಿಮ್ಮಷ್ಟು ಮನೆಗೆ ಒಂದು ಆಕ್ಸೆಸ್ ಪಾಯಿಂಟ್ ಸಾಕು.

ಹಾಗಾಗಿ ವೈಯರಿನ ಮಾತು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಕ್ಯಾಟ್ 6 ಕೇಳಿ, ಕ್ಯಾಟ್ 5ಇ ಸಿಕ್ಕರೂ ಮನೆಗೆ ನಡೆಯುತ್ತದೆ. ಎರಡೂ 100 ಮೀಟರ್‌ವರೆಗೆ ಒಂದು ಗಿಗಾಬಿಟ್ ಹೊರುತ್ತವೆ. ನೋಡಬೇಕಾದದ್ದು ಪೂರ್ತಿ ತಾಮ್ರವೋ ಅಲ್ಲವೋ ಎಂಬುದು. ಅಗ್ಗದ ವೈಯರಿನಲ್ಲಿ ಅಲ್ಯುಮಿನಿಯಂ ಎಳೆಗೆ ಮೇಲೊಂದು ತಾಮ್ರದ ಲೇಪ ಇರುತ್ತದೆ, ಪೆಟ್ಟಿಗೆಯ ಮೇಲೆ ಸಣ್ಣಕ್ಷರದಲ್ಲಿ ಸಿಸಿಎ ಎಂದು ಬರೆದಿರಬಹುದು. ಅಂಗಡಿಯಲ್ಲೇ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ, ಬೆಳ್ಳಗೆ ಮಿಂಚಿದರೆ ಅಲ್ಯುಮಿನಿಯಂ. ಅದು ಎರಡು ಸಲ ಬಾಗಿಸಿದರೆ ಮುರಿಯುತ್ತದೆ, ಪಿನ್ನಿನ ಹತ್ತಿರ ಬೇಗ ಸಂಪರ್ಕ ಬಿಡುತ್ತದೆ.

ಕಲ್ಲಿನ ಗೋಡೆಗೆ ಡ್ರಿಲ್ ಹಿಡಿಯುವ ಮುಂಚೆ ಮನೆ ಸುತ್ತಿ ನೋಡಿ. ಬೆಳಕಿಂಡಿ, ಬಾಗಿಲ ಚೌಕಟ್ಟಿನ ಮೂಲೆ, ಮೆಟ್ಟಿಲ ಸಂದು ಎಲ್ಲಾದರೂ ದಾರಿ ಇದ್ದೇ ಇರುತ್ತದೆ. ತೂತು ಹೊಡೆಯಲೇಬೇಕಾದರೆ 8 ಮಿಲಿಮೀಟರ್ ಸಾಕು, ಪಿನ್ನು ಹಾಕದ ವೈಯರ್ ತೂರಿಸಿ ಆಮೇಲೆ ಪಿನ್ನು ಹಾಕಿಸಿದರೆ. ಪಿನ್ನು ಇರುವ ರೆಡಿಮೇಡ್ ವೈಯರಿಗೆ ಇದರ ಎರಡರಷ್ಟು ದೊಡ್ಡ ತೂತು ಬೇಕು. ಕರೆಂಟಿನ ಪೈಪಿನೊಳಗೇ ಇದನ್ನೂ ತುರುಕಬೇಡಿ. ಅದು ಅಪಾಯ, ಜೊತೆಗೆ ಸಂಕೇತಕ್ಕೂ ಅಡ್ಡಿ. ಪಕ್ಕದಲ್ಲಿ ಹೋಗಬೇಕಾದರೆ ಒಂದು ಗೇಣು ಅಂತರವಿರಲಿ, ದಾಟಬೇಕಾದರೆ ಅಡ್ಡಲಾಗಿ ದಾಟಲಿ. ಹೊರಗೋಡೆಯ ಮೇಲೆ ಹೋಗುವ ಭಾಗಕ್ಕೆ ಕಪ್ಪು ಹೊದಿಕೆಯ ಔಟ್‌ಡೋರ್ ವೈಯರ್ ಬೇಕು. ಮನೆಯೊಳಗಿನ ಬೂದು ವೈಯರಿನ ಹೊದಿಕೆ ನಮ್ಮ ಬಿಸಿಲಿಗೆ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ನೀರು ಒಳಹೊಕ್ಕು ಡಬ್ಬಿಯವರೆಗೂ ಇಳಿಯುತ್ತದೆ.

ಪಿನ್ನು ಹಾಕುವವರು ಬಂದಾಗ ಪಕ್ಕದಲ್ಲಿ ನಿಂತು ನೋಡಿ. ಪಿನ್ನಿನ ಕೊಕ್ಕೆ ಕೆಳಗಿಟ್ಟು ಎಡದಿಂದ ಬಣ್ಣದ ಸಾಲು ಹೀಗಿರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಸಾಲು. ಹೆಣೆದ ಜೋಡಿಯನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಡಿಸಬಾರದು, ಹೊರಗಿನ ಹೊದಿಕೆ ಪಿನ್ನಿನೊಳಗೆ ಹೊಕ್ಕು ಕಚ್ಚಿರಬೇಕು. ಕೆಲವರು ಹಸಿರು, ಕಿತ್ತಳೆ ನಾಲ್ಕು ಎಳೆ ಮಾತ್ರ ಹಾಕಿ "ನಡೀತದ ಬಿಡ್ರಿ" ಎಂದು ಎದ್ದು ಹೋಗುತ್ತಾರೆ. ನಡೆಯುತ್ತದೆ, ನಿಜ. 100 ಎಂಬಿಪಿಎಸ್‌ಗೆ 1, 2, 3, 6ನೇ ಎಳೆ ಸಾಕು. ಗಿಗಾಬಿಟ್‌ಗೆ ಎಂಟೂ ಬೇಕು. ಇದನ್ನು ಹಿಡಿಯುವ ಗುರುತೊಂದಿದೆ: ಪ್ಲ್ಯಾನ್ 200 ಅಥವಾ 300 ಇದ್ದು, ವೈಯರ್ ಹಚ್ಚಿದ ಕಂಪ್ಯೂಟರಿನಲ್ಲಿ ಎಷ್ಟು ಸಲ ಅಳೆದರೂ 94ರ ಹತ್ತಿರವೇ ನಿಂತರೆ, ನೀಲಿ ಅಥವಾ ಕಂದು ಜೋಡಿ ಎಲ್ಲೋ ತುಂಡಾಗಿದೆ, ಇಲ್ಲವೇ ನಡುವಿನ ಯಾವುದೋ ಪೋರ್ಟ್ 100ರದ್ದು. ನೆಟ್ ಕಂಪನಿಯ ತಪ್ಪಾಗಿದ್ದರೆ ಸಾಮಾನ್ಯವಾಗಿ ಅಂಕಿ ಏರಿಳಿಯುತ್ತದೆ. 94ಕ್ಕೆ ಗೂಟ ಹೊಡೆದಂತೆ ನಿಲ್ಲುವುದು ವೈಯರಿನ ಲಕ್ಷಣ. ನಿಮ್ಮ ಪ್ಲ್ಯಾನ್ 100 ಆದ್ದರಿಂದ ಇವತ್ತು ಇದು ಕಾಣುವುದಿಲ್ಲ, ಪ್ಲ್ಯಾನ್ ಏರಿಸಿದ ದಿನ ಕಾಣುತ್ತದೆ. ಎಂಟು ದೀಪದ ಟೆಸ್ಟರ್ ಹಚ್ಚಿ ಒಂದರಿಂದ ಎಂಟರವರೆಗೆ ಸಾಲಾಗಿ ಹತ್ತಿದ್ದನ್ನು ಕಣ್ಣಾರೆ ನೋಡಿಯೇ ದುಡ್ಡು ಕೊಡಿ.

ವೈಯರಿನ ಕೆಳತುದಿ ಬಿಳಿ ಡಬ್ಬಿಯ ಲ್ಯಾನ್ ಪೋರ್ಟಿಗೆ. ಪಕ್ಕದಲ್ಲಿ ಸ್ವಲ್ಪ ಚಿಕ್ಕದಾದ ಫೋನ್ ಪೋರ್ಟ್ ಇದ್ದರೆ ಅದಕ್ಕಲ್ಲ. ಜಿಇ ಎಂದು ಬರೆದದ್ದು ಗಿಗಾಬಿಟ್, ಎಫ್‌ಇ ಅಂದರೆ 100ರದ್ದು. ಮೇಲ್ತುದಿ ರಿಪೀಟರಿನ ಲ್ಯಾನ್ ಪೋರ್ಟಿಗೆ. ಆಮೇಲೆ ರಿಪೀಟರಿನ ಆ್ಯಪ್ ಅಥವಾ ಸೆಟ್ಟಿಂಗ್ ಪುಟದಲ್ಲಿ ಮೋಡ್ ಎಂಬಲ್ಲಿ ಆಕ್ಸೆಸ್ ಪಾಯಿಂಟ್ ಆರಿಸಿ. ಕೆಲವದರ ಮೈಮೇಲೇ ಅದಕ್ಕೊಂದು ಗುಂಡಿ ಇರುತ್ತದೆ. ಈಗ ಅದು ಗಾಳಿಯಲ್ಲಿ ಕೇಳಿಸಿಕೊಳ್ಳುವುದನ್ನು ಬಿಟ್ಟು ವೈಯರಿನಿಂದ ತೆಗೆದುಕೊಳ್ಳುತ್ತದೆ, ಅರ್ಧ ಕರಗುವ ಸಮಸ್ಯೆ ಅಲ್ಲಿಗೆ ಮುಗಿಯಿತು. ಕೆಳಗಿನದೇ ವೈಫೈ ಹೆಸರು, ಅದೇ ಪಾಸ್‌ವರ್ಡ್ ಇದಕ್ಕೂ ಕೊಡಿ, ಮೇಲೆ ಹತ್ತಿದಾಗ ಫೋನ್ ತಾನೇ ಹಿಡಿಯುತ್ತದೆ. 2.4ರಲ್ಲಿ ಕೆಳಗಿನದಕ್ಕೆ ಚಾನೆಲ್ 1, ಮೇಲಿನದಕ್ಕೆ 6 ಅಥವಾ 11 ಇಡಿ. ಒಂದಕ್ಕೊಂದು ಮೈ ತಾಗದ ಚಾನೆಲ್‌ಗಳು ಈ ಮೂರೇ. ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇರಲಿ. 5 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೆ 36, ಇನ್ನೊಂದಕ್ಕೆ 149 ಇಟ್ಟರಾಯಿತು.

ರಿಪೀಟರಿಗೆ ಪೋರ್ಟ್ ಇಲ್ಲದಿದ್ದರೆ ಮನೆಯಲ್ಲೋ ನೆಂಟರಲ್ಲೋ ಬಿದ್ದಿರುವ ಹಳೇ ವೈಫೈ ರೌಟರ್ ಹುಡುಕಿ. ಅದರಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ಕೈಯಿಂದ ಮಾಡಬೇಕು, ಅನುಕ್ರಮ ತಪ್ಪಬಾರದು. ಹಳೇ ರೌಟರಿನ ರೀಸೆಟ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ. ಇಲ್ಲಿ ಒಂದು ಎಚ್ಚರ: ಇದು ಹಳೇ ರೌಟರಿನದು, ಕಂಪನಿಯ ಬಿಳಿ ಡಬ್ಬಿಯ ರೀಸೆಟ್ ತೂತಿಗೆ ಎಂದೂ ಪಿನ್ನು ಚುಚ್ಚಬೇಡಿ. ಅದರೊಳಗಿನ ಯೂಸರ್‌ನೇಮ್, ವಿಲ್ಯಾನ್ ಎಂಬ ಕಂಪನಿಯ ಲೈನಿನ ಗುರುತು ಸಂಖ್ಯೆ ಎಲ್ಲ ಅಳಿಸಿಹೋಗಿ ಅವರು ಬಂದು ಮತ್ತೆ ತುಂಬುವವರೆಗೆ ನೆಟ್ ಇಲ್ಲ. ಹಳೇ ರೌಟರಿಗೆ ಬೇರೆ ವೈಯರ್ ಯಾವುದನ್ನೂ ಹಚ್ಚದೆ, ಅದರ ವೈಫೈಗೆ ಮಾತ್ರ ಸೇರಿ, ತಳದ ಚೀಟಿಯಲ್ಲಿರುವ ವಿಳಾಸ ತೆರೆಯಿರಿ. ಮೊದಲು ವೈಫೈ ಹೆಸರು, ಪಾಸ್‌ವರ್ಡ್, ಚಾನೆಲ್ ಹಾಕಿ. ಆಮೇಲೆ ಅದರ ಲ್ಯಾನ್ ವಿಳಾಸ ಬದಲಿಸಿ. ಬಿಳಿ ಡಬ್ಬಿ 192.168.1.1 ಆಗಿದ್ದರೆ ಇದಕ್ಕೆ 192.168.1.250 ಕೊಡಿ, ಬಿಳಿ ಡಬ್ಬಿ ಹಂಚುವ ಸಂಖ್ಯೆಗಳನ್ನು 200ಕ್ಕೆ ನಿಲ್ಲಿಸಿ, ಇಲ್ಲದಿದ್ದರೆ 250 ಎಂದಾದರೂ ಯಾರದೋ ಫೋನಿಗೆ ಹೋಗಿಬಿಡುತ್ತದೆ. ಹೊಸ ವಿಳಾಸದಿಂದ ಮತ್ತೆ ಒಳಹೊಕ್ಕು ಕೊನೆಗೆ ಡಿಎಚ್‌ಸಿಪಿ ಆರಿಸಿ. ಈಗ ಕೆಳಗಿನಿಂದ ಬಂದ ವೈಯರನ್ನು ಇದರ ಲ್ಯಾನ್ ಪೋರ್ಟಿಗೆ ಹಚ್ಚಿ. ಬೇರೆ ಬಣ್ಣದಲ್ಲಿ ಒಂಟಿಯಾಗಿರುವ ವ್ಯಾನ್ ಪೋರ್ಟ್, ಅಂದರೆ ಹೊರಗಿನ ನೆಟ್ ಒಳಬರುವ ಪೋರ್ಟ್, ಖಾಲಿ ಇರಲಿ.

ಡಿಎಚ್‌ಸಿಪಿ ಆರಿಸಲು ಮರೆತರೆ ಏನಾಗುತ್ತದೆ ನೋಡಿ. ಮನೆಯಲ್ಲಿ ಸಂಖ್ಯೆ ಹಂಚುವವರು ಇಬ್ಬರಾಗುತ್ತಾರೆ. ಯಾರು ಮೊದಲು ಕೈಚಾಚಿದರೋ ಅವರಿಂದ ಫೋನ್ ಸಂಖ್ಯೆ ಪಡೆಯುತ್ತದೆ. ಬೆಳಿಗ್ಗೆ ನಿಮ್ಮ ಫೋನಿಗೆ ನೆಟ್ ಇದೆ, ಟಿವಿಗಿಲ್ಲ. ಸಂಜೆ ಟಿವಿಗಿದೆ, ಫೋನಿಗಿಲ್ಲ. "ಕನೆಕ್ಟೆಡ್, ನೋ ಇಂಟರ್ನೆಟ್" ಎಂದು ಬರುತ್ತದೆ, ಎಲ್ಲರೂ ಲೈನಿಗೆ ಬೈಯುತ್ತಾರೆ. ಅಂಥ ಹೊತ್ತಿನಲ್ಲಿ ಫೋನಿನ ವೈಫೈ ಹೆಸರಿನ ಮೇಲೆ ಒತ್ತಿ ವಿವರ ತೆರೆದು ಗೇಟ್‌ವೇ ಅಥವಾ ರೌಟರ್ ಎಂಬ ಸಾಲು ಓದಿ. 192.168.1.1 ಇದ್ದರೆ ಸರಿ. 192.168.1.250 ಕಂಡರೆ ಕಳ್ಳ ಸಿಕ್ಕ.

ಅದೇ ವೈಯರನ್ನು ವ್ಯಾನ್ ಪೋರ್ಟಿಗೆ ಹಚ್ಚಿದರೆ ಆಗುವುದು ಬೇರೆ ಕತೆ. ಅಗಸಿಯೊಳಗೆ ಇನ್ನೊಂದು ಅಗಸಿ ಕಟ್ಟಿದಂತೆ. ನೆಟ್ ಬರುತ್ತದೆ, ಆದರೆ ಕೆಳಗಿನ ಫೋನಿನಿಂದ ಮೇಲಿನ ಪ್ರಿಂಟರ್ ಸಿಗುವುದಿಲ್ಲ, ಫೋನಿನಿಂದ ಟಿವಿಗೆ ವಿಡಿಯೋ ಕಳಿಸಲು ಹೋದರೆ ಟಿವಿ ಕಾಣುವುದಿಲ್ಲ. ಎರಡೂ ಡಬ್ಬಿ ಒಳಗೆ 192.168.1 ಸಾಲನ್ನೇ ಹಂಚುತ್ತಿದ್ದರೆ ನೆಟ್ ಕೂಡ ಬರದು.

ಹಿಂದಿನ ಕೋಣೆಯ ಹುಡುಗರ ವಿಷಯದಲ್ಲಿ ಈ ಎರಡನೇ ಅಗಸಿ ಉಪಯೋಗಕ್ಕೆ ಬರುತ್ತದೆಂದು ಹಲವರು ಹೇಳುತ್ತಾರೆ, ಪೂರ್ತಿ ನಿಜವಲ್ಲ. ಅವರಿಗೆ ಪ್ರತ್ಯೇಕ ರೌಟರ್ ಕೊಟ್ಟು ವ್ಯಾನ್ ಪೋರ್ಟಿನಿಂದ ನೆಟ್ ಕೊಟ್ಟರೆ ನಿಮ್ಮ ಕಡೆಯಿಂದ ಅವರ ಯಂತ್ರಗಳು ಕಾಣುವುದಿಲ್ಲ. ಅವರ ಕಡೆಯಿಂದ ನಿಮ್ಮವು ಕಾಣುತ್ತವೆ, ಯಾಕೆಂದರೆ ಹೊರಗೆ ಹೋಗುವ ಅವರ ದಾರಿ ನಿಮ್ಮ ಪಡಸಾಲೆಯಿಂದಲೇ. ನಿಮ್ಮ ಅಗತ್ಯ ಇದರ ಉಲ್ಟಾ. ಬಿಳಿ ಡಬ್ಬಿಯ ವೈಫೈ ಅವರ ಕೋಣೆಗೆ ಮುಟ್ಟುವುದಾದರೆ ಅದರಲ್ಲೇ ಗೆಸ್ಟ್ ನೆಟ್‌ವರ್ಕ್ ತೆರೆದು ಬೇರೆ ಪಾಸ್‌ವರ್ಡ್ ಕೊಡಿ, ಅದು ಅವರನ್ನು ನಿಮ್ಮ ಯಂತ್ರಗಳಿಂದ ದೂರ ಇಡುತ್ತದೆ, ಅವರು ಖಾಲಿ ಮಾಡಿದ ದಿನ ಅದೊಂದನ್ನೇ ಬದಲಿಸಿದರಾಯಿತು. ಮುಟ್ಟದಿದ್ದರೆ ವೈಯರ್ ಎಳೆದು ಬೇರೆ ರೌಟರ್ ಹಾಕಿ, ಒಳಗಿನ ಸಾಲು 192.168.50 ಮಾಡಿ, ಬಿಳಿ ಡಬ್ಬಿಯ, ಮತ್ತು ಸಿಸಿಟಿವಿ ದೃಶ್ಯ ತುಂಬಿಡುವ ಡಿವಿಆರ್ ಇದ್ದರೆ ಅದರ, ಅಡ್ಮಿನ್ ಪಾಸ್‌ವರ್ಡ್‌ಗಳನ್ನು ಮೊದಲು ಬದಲಿಸಿ. ಕಂಪನಿಯಿಂದ ಬಂದದ್ದು ಬಂದ ಹಾಗೇ ಇದ್ದರೆ ಓದೋ ಹುಡುಗರಿಗೆ ಅದು ಐದು ನಿಮಿಷದ ಕೆಲಸ.

ಸ್ವಿಚ್ ಯಾವಾಗ ಬೇಕು? ಟಿವಿ, ಡಿವಿಆರ್, ಮೇಲಿನ ವೈಯರ್, ಹಿಂದಿನ ಕೋಣೆಯ ವೈಯರ್ ಸೇರಿ ನಾಲ್ಕು ಪೋರ್ಟ್ ತುಂಬಿದ ಮೇಲೆ. ಬಿಳಿ ಡಬ್ಬಿಗೆ ಎರಡೇ ಪೋರ್ಟ್ ಇದ್ದರೆ ಈಗಲೇ. ಐದು ಪೋರ್ಟಿನ ಸಾದಾ ಗಿಗಾಬಿಟ್ ಸ್ವಿಚ್ ತನ್ನಿ, ಅದರಲ್ಲಿ ಒಂದು ಬಿಳಿ ಡಬ್ಬಿಗೆ ಹೋಗಿ ನಿಮಗೆ ಸಿಗುವುದು ನಾಲ್ಕು. ಸೆಟ್ಟಿಂಗ್ ಏನೂ ಇಲ್ಲ, ಹಚ್ಚಿದರೆ ಮುಗಿಯಿತು. ಕೆಡುವುದು ಒಂದೇ ರೀತಿ: ಕಸ ಗುಡಿಸುವಾಗ ಒಂದು ವೈಯರ್ ಕಳಚಿ ಬೀಳುತ್ತದೆ, ಯಾರೋ ಉಪಕಾರ ಮಾಡಲು ಹೋಗಿ ಅದರ ಎರಡೂ ತುದಿಯನ್ನು ಅದೇ ಸ್ವಿಚ್ಚಿಗೆ ಚುಚ್ಚುತ್ತಾರೆ. ಆಗ ಮಾಲು ಗಾಣದೆತ್ತಿನ ಹಾಗೆ ಅಲ್ಲೇ ಸುತ್ತತೊಡಗಿ ಮನೆಯ ನೆಟ್ಟೆಲ್ಲ ಸತ್ತುಹೋಗುತ್ತದೆ. ಎಲ್ಲ ದೀಪಗಳೂ ಒಟ್ಟಿಗೆ ಹುಚ್ಚೆದ್ದು ಮಿಣುಕುತ್ತಿದ್ದರೆ ಒಂದೊಂದೇ ವೈಯರ್ ಕೀಳುತ್ತಾ ಹೋಗಿ. ಯಾವುದು ಕಿತ್ತಾಗ ಶಾಂತವಾಯಿತೋ ಅದೇ.

ಯಾದಗಿರಿ, ಬೀದರ್ ಕಡೆಯ ಹಳ್ಳಿಗಳಿಂದ ಓದುವವರಿಗೆ ಎರಡು ಮಾತು. ಫೈಬರ್ ಬರದ ಕಡೆ ಸಿಮ್ ಹಾಕುವ ರೌಟರ್ ಇದ್ದರೆ ಅಲ್ಲಿ ಒಎನ್‌ಟಿ ಜಾಗದಲ್ಲಿರುವುದು 4ಜಿ ಅಥವಾ 5ಜಿ ಮಾಡೆಮ್. ಅದನ್ನು ಮನೆ ನಡುವೆ ಇಡಬೇಡಿ, ಟವರ್ ಕಡೆಯ ಕಿಟಕಿಗಿಟ್ಟು ಅಲ್ಲಿಂದ ವೈಯರ್ ಎಳೆಯಿರಿ. ಮಾಳಿಗೆ ಮೇಲೆ ಡಿಶ್ ಕೂಡಿಸಿ ನೆಟ್ ಕೊಟ್ಟಿದ್ದರೆ ಕೆಳಗೆ ಪಿಒಇ ಎಂದು ಬರೆದ ಸಣ್ಣ ಅಡಾಪ್ಟರ್ ಇರುತ್ತದೆ. ಅದಕ್ಕೆ ಎರಡು ಪೋರ್ಟ್. ಪಿಒಇ ಎಂಬುದು ಮೇಲಿನ ಡಿಶ್‌ಗೆ, ಅದರಲ್ಲಿ ಕರೆಂಟ್ ಹರಿಯುತ್ತದೆ. ರೌಟರಿಗೆ ಹೋಗಬೇಕಾದದ್ದು ಲ್ಯಾನ್ ಎಂಬುದು. ಅದಲುಬದಲಾದರೆ ರೌಟರಿನ ಪೋರ್ಟ್ ಸುಡಬಹುದು.

ನಮ್ಮ ಬಿಸಿಲಿಗೂ ಲೆಕ್ಕ ಇಡಬೇಕು. ಮನೆಬಳಕೆಯ ಹೆಚ್ಚಿನ ಡಬ್ಬಿಗಳನ್ನು 0ಯಿಂದ 40 ಡಿಗ್ರಿ ಸೆಲ್ಸಿಯಸ್‌ಗೆ ಮಾಡಿರುತ್ತಾರೆ, ಕಲಬುರಗಿಯ ಮೇ ತಿಂಗಳು ಅದನ್ನು ದಾಟುತ್ತದೆ. ಬಾಗಿಲು ಹಾಕಿದ ಕಪಾಟು, ಟಿವಿಯ ಬೆನ್ನು, ತಗಡಿನ ಕೆಳಗಿನ ಅಟ್ಟ ಇವು ಬೇಡ. ಮಧ್ಯಾಹ್ನ ನೆಟ್ ನಿಂತು ರಾತ್ರಿ ಸರಿಹೋಗುವ ಡಬ್ಬಿಯನ್ನು ಮೊದಲು ಮುಟ್ಟಿ ನೋಡಿ. ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಕ್ಷಣದಲ್ಲಿ ಡಬ್ಬಿ ಆರಿ ಹತ್ತುತ್ತಿದ್ದರೆ ಮತ್ತೆ ನೆಟ್ ಬರಲು ಎರಡು-ಮೂರು ನಿಮಿಷ ಬೇಕಾಗುತ್ತದೆ. ಕ್ಲಾಸಿನ ನಡುವೆ ಅದು ದೊಡ್ಡ ಹೊತ್ತು. ಇದಕ್ಕೆ ರೌಟರ್ ಯುಪಿಎಸ್ ಸಿಗುತ್ತದೆ. ಕೊಳ್ಳುವಾಗ ಅಡಾಪ್ಟರಿನ ಚೀಟಿ ಓದಿ: ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು. ಪಿನ್ನು ಕೂರುತ್ತದೆಂದು 9 ವೋಲ್ಟಿನ ಡಬ್ಬಿಗೆ 12 ವೋಲ್ಟ್ ಹಚ್ಚಿದರೆ ಸುಡುವ ಅಪಾಯ.

ಮಾಳಿಗೆ ಮೇಲಿಂದ, ಇಲ್ಲವೇ ಮನೆಯಿಂದ ಮನೆಗೆ ಹೊರಗೆ ಹೋಗುವ ಲ್ಯಾನ್ ವೈಯರ್ ತಾಮ್ರ. ಅಡ್ಡಮಳೆಯ ಗುಡುಗು-ಸಿಡಿಲಿನಲ್ಲಿ ಹತ್ತಿರ ಎಲ್ಲೋ ಸಿಡಿಲು ಬಡಿದರೂ ಅದರೊಳಗೆ ವೋಲ್ಟೇಜ್ ಹುಟ್ಟಿ ಎರಡೂ ತುದಿಯ ಪೋರ್ಟ್ ಸಾಯಬಹುದು. ಡಬ್ಬಿ ಹತ್ತುತ್ತದೆ, ವೈಫೈ ಬರುತ್ತದೆ, ಆ ಒಂದು ಪೋರ್ಟಿನ ದೀಪ ಮಾತ್ರ ಇನ್ನೆಂದೂ ಹತ್ತುವುದಿಲ್ಲ. ಎರಡು ಮನೆಯ ನಡುವೆ ಎಳೆಯಬೇಕಾದರೆ ಫೈಬರ್ ಹಾಕಿಸಿ ಎರಡೂ ತುದಿಗೆ ಮೀಡಿಯಾ ಕನ್ವರ್ಟರ್, ಅಂದರೆ ಫೈಬರಿನ ಬೆಳಕನ್ನು ಲ್ಯಾನ್ ವೈಯರಿಗೆ ಇಳಿಸುವ ಸಣ್ಣ ಡಬ್ಬಿ, ಇಡುವುದು ಲೇಸು. ನಿಮ್ಮದು ಒಂದೇ ಮನೆ, ಆದ್ದರಿಂದ ವೈಯರನ್ನು ಸಾಧ್ಯವಾದಷ್ಟು ಮೆಟ್ಟಿಲ ಒಳಗಿನಿಂದಲೇ ತನ್ನಿ. ಹೊರಗೋಡೆಯಿಂದಲೇ ತರಬೇಕಾಗಿ ಬಂದರೆ ಗುಡುಗು ಶುರುವಾಗುವ ಮುಂಚೆ ಎರಡೂ ತುದಿ ಕಿತ್ತಿಡಿ, ಡಬ್ಬಿಯ ಅಡಾಪ್ಟರನ್ನೂ ಗೋಡೆಯಿಂದ ಕೀಳಿ.